ಹೃದಯ ತುಂಬಿಕೊಳ್ಳುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈಚೆಗೆ ಬಂದ, ಬೇಸಿಗೆಯಲ್ಲಿ ಹೃದಯದ ಆರೈಕೆ ಕುರಿತ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಲೇಖನದ ಉದ್ದೇಶ ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜೊತೆಗೆ ಅಚ್ಚಾದ ಚಿತ್ರದ ಅಡಿಯಲ್ಲಿ, ಆರೋಗ್ಯವಂತ ಹೃದಯವು ಪ್ರತಿ ಬಡಿತದಲ್ಲೂ ತನ್ನೊಳಗಿನ ರಕ್ತವನ್ನೆಲ್ಲ ಹೊರಗೆ ತಳ್ಳುತ್ತದೆ ಎಂದೂ, ಎಕೋ (ಶಬ್ದದ ಅಲೆಗಳಿಂದ ಹೃದಯವನ್ನು ಪರದೆಯ ಮೇಲೆ ನೋಡುವ ಪರೀಕ್ಷೆ) ವರದಿಯಲ್ಲಿ ಪಂಪಿಂಗ್ ಶೇ 60 ಎಂದು ಬಂದರೆ ಹೃದಯದ ಶಕ್ತಿ ಅಷ್ಟಕ್ಕೆ ಇಳಿದಿದೆ ಎಂದು ತಿಳಿಯಬೇಕು ಎಂದೂ ಬರೆಯಲಾಗಿತ್ತು. ಈ ಎರಡೂ ಮಾತು ತಪ್ಪು. ಇದು ಅಚ್ಚಿನ ದೋಷವಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಇಡೀ ಲೇಖನವೇ ಹೃದಯವನ್ನು ಬರೀ ತಳ್ಳುವ ಯಂತ್ರವೆಂದು ನೋಡಿರುವುದರಿಂದ ಹುಟ್ಟಿದ ದೋಷ ಇದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಕಲಬುರಗಿಯಲ್ಲಿ ಎಕೋ ಪರೀಕ್ಷೆ ಮಾಡುವುದು ನನ್ನ ಉದ್ಯೋಗ. ಆಳಂದ, ಜೇವರ್ಗಿ, ಚಿತ್ತಾಪುರ, ಶಹಾಪುರದ ಕಡೆಯಿಂದ ಬರುವವರು ಎದೆಯ ಮೇಲಿನ ಜೆಲ್ ಒರೆಸಿಕೊಳ್ಳುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: “ಪಂಪಿಂಗ್ ಎಷ್ಟದರೀ ಅಕ್ಕಾರ?” ಅರವತ್ತು ಎಂದರೆ ಮುಖ ಸಪ್ಪಗಾಗುತ್ತದೆ. “ಹಂಗಾರ ಉಳಿದ ನಲವತ್ತು ಎಲ್ಲಿ ಹೋಯ್ತರೀ?” ಎಂದು ಕೇಳಿದವರಿದ್ದಾರೆ. ಅವರು ಅದನ್ನು ನೂರಕ್ಕೆ ಬಂದ ಪರೀಕ್ಷೆಯ ಅಂಕದಂತೆ ಓದಿಕೊಳ್ಳುತ್ತಾರೆ. ಓದು ಬಾರದವರೂ ಹೀಗೆಯೇ ಕೇಳುತ್ತಾರೆ, ಪದವಿ ಮುಗಿಸಿದವರೂ ಹೀಗೆಯೇ ಕೇಳುತ್ತಾರೆ. ಈಗ ಪತ್ರಿಕೆಯೂ ಅದನ್ನೇ ಹೇಳಿದ ಮೇಲೆ ನಮ್ಮ ಕೋಣೆಯಲ್ಲಿ ಎರಡು ನಿಮಿಷದಲ್ಲಿ ಆ ಭಯ ಬಿಡಿಸುವುದು ಕಷ್ಟವಾಗಿದೆ.

ಒಂದು ಬಡಿತದಲ್ಲಿ ಏನಾಗುತ್ತದೆ ಎಂಬುದನ್ನು ಸಾಮಾನ್ಯವಾಗಿ ಹಿಂಡುವುದರಿಂದ ವಿವರಿಸಲು ಆರಂಭಿಸುತ್ತಾರೆ. ನನ್ನ ದೃಷ್ಟಿಯಲ್ಲಿ ತುಂಬುವುದರಿಂದ ಆರಂಭಿಸಬೇಕು, ಏಕೆಂದರೆ ಬಂದದ್ದನ್ನಷ್ಟೇ ಹೃದಯ ಕಳುಹಿಸಬಲ್ಲದು. ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯಕ್ಕೆ ಒಂದೊಂದು ಬಡಿತಕ್ಕೆ ಸಿಗುವ ಕಾಲ 0.8 ಸೆಕೆಂಡ್. ಇದರಲ್ಲಿ ಕೆಳಗಿನ ಎರಡು ಕೋಣೆಗಳು, ಅಂದರೆ ಹೃತ್ಕುಕ್ಷಿಗಳು, ಸಂಕುಚಿಸುವುದು ಸುಮಾರು 0.3 ಸೆಕೆಂಡ್ ಮಾತ್ರ, ಉಳಿದ 0.5 ಸೆಕೆಂಡ್ ಅವು ಸಡಿಲಗೊಂಡು ತುಂಬಿಕೊಳ್ಳುವ ಕಾಲ. ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯವು ಹಿಂಡುವುದಕ್ಕಿಂತ ಹೆಚ್ಚಿನ ಹೊತ್ತನ್ನು ತುಂಬಿಕೊಳ್ಳುವುದರಲ್ಲೇ ಕಳೆಯುತ್ತದೆ ಎಂಬ ಈ ಒಂದು ಸಂಗತಿ ತಮ್ಮ ಲೇಖನದಲ್ಲಿ ಎಲ್ಲಿಯೂ ಇರಲಿಲ್ಲ.

ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಯ ಎಡಭಾಗದಲ್ಲಿ ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ ಎಂಬ ಕೈಯಲ್ಲಿ ಹಿಡಿಯುವ ಸಾಧನ ಇಟ್ಟರೆ ಪರದೆಯ ಮೇಲೆ ಈ ತುಂಬುವಿಕೆ ಕಣ್ಣಾರೆ ಕಾಣುತ್ತದೆ. ಶ್ವಾಸಕೋಶದಿಂದ ಆಮ್ಲಜನಕ ತುಂಬಿಕೊಂಡು ಬಂದ ರಕ್ತ ಮೇಲಿನ ಎಡ ಕೋಣೆಯಾದ ಹೃತ್ಕರ್ಣದಲ್ಲಿ ಸೇರಿರುತ್ತದೆ. ಕೆಳಗಿನ ಹೃತ್ಕುಕ್ಷಿ ಸಡಿಲವಾಗಿ ಅದರೊಳಗಿನ ಒತ್ತಡ ಮೇಲಿನ ಕೋಣೆಗಿಂತ ಕಡಿಮೆಯಾದ ಕ್ಷಣವೇ ನಡುವಿನ ಮೈಟ್ರಲ್ ಕವಾಟದ ಎರಡು ದಳಗಳು ಅಗಲವಾಗಿ ತೆರೆದುಕೊಂಡು ರಕ್ತ ಒಮ್ಮೆಲೇ ಕೆಳಗಿಳಿಯುತ್ತದೆ. ಹರಿವು ತಗ್ಗಿದಂತೆ ದಳಗಳು ಮುಚ್ಚಿಕೊಳ್ಳುವತ್ತ ಅರ್ಧ ಬರುತ್ತವೆ. ಅಷ್ಟರಲ್ಲಿ ಹೃತ್ಕರ್ಣ ಒಮ್ಮೆ ಸಂಕುಚಿಸಿ, ತನ್ನಲ್ಲಿ ಉಳಿದದ್ದನ್ನೂ ಕೆಳಗೆ ನೂಕುತ್ತದೆ. ದಳಗಳು ಮತ್ತೊಮ್ಮೆ ತೆರೆದು, ಆಮೇಲೆ ಪೂರ್ತಿ ಮುಚ್ಚುತ್ತವೆ. ಒಂದು ಬಡಿತಕ್ಕೆ ಈ ಕವಾಟ ಒಂದೇ ಸಲ ತೆರೆಯುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ನಿಧಾನವಾಗಿ ಬಡಿಯುವ ಆರೋಗ್ಯವಂತ ಹೃದಯದಲ್ಲಿ ಅದು ಎರಡು ಸಲ ತೆರೆಯುವುದನ್ನು ನೋಡುವುದು, ಇಷ್ಟು ವರ್ಷದ ಮೇಲೂ, ನನಗೆ ಬೇಸರ ತರಿಸಿಲ್ಲ. ಎರಡನೆಯ ನೂಕಿನಿಂದ ಸೇರುವುದು ಒಟ್ಟು ತುಂಬುವಿಕೆಯ ಸುಮಾರು ಐದನೆಯ ಒಂದು ಪಾಲು. ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಈ ಎರಡನೆಯ ತೆರೆಯುವಿಕೆ ಇರುವುದೇ ಇಲ್ಲ. ಅಂಥವರು ನಾಲ್ಕು ಮೆಟ್ಟಿಲು ಹತ್ತಿದರೆ ಏಕೆ ದಣಿಯುತ್ತಾರೆ ಎಂಬುದಕ್ಕೆ ಒಂದು ಕಾರಣ ಅಲ್ಲಿದೆ.

ಮೇಲಿನ ಕೋಣೆಗಳು ಮೊದಲು, ಕೆಳಗಿನವು ಆಮೇಲೆ ಎಂಬ ಈ ಕ್ರಮ ತಾನಾಗಿ ಬಂದದ್ದಲ್ಲ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಸೈನಸ್ ನೋಡ್ ಎಂಬ ಚಿಕ್ಕ ಭಾಗದಲ್ಲಿ ವಿದ್ಯುತ್ ಸಂಕೇತ ಹುಟ್ಟಿ ಮೇಲಿನ ಕೋಣೆಗಳಲ್ಲಿ ಹರಡುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಇನ್ನೊಂದು ನೋಡ್‌ನಲ್ಲಿ ಸುಮಾರು 0.1 ಸೆಕೆಂಡ್ ತಡೆದು ನಿಂತು, ಬಳಿಕ ಕೆಳಗಿನ ಕೋಣೆಗಳಿಗೆ ಧಾವಿಸುತ್ತದೆ. ಆ ತಡೆ ಇರುವುದರಿಂದಲೇ ಕೆಳಗಿನ ಕೋಣೆಗೆ ಪೂರ್ತಿ ತುಂಬಿಕೊಳ್ಳಲು ಸಮಯ ಸಿಗುತ್ತದೆ.

ಈಗ ಹಿಂಡುವ ಕೆಲಸ. ತುಂಬಿದ ಎಡ ಹೃತ್ಕುಕ್ಷಿಯಲ್ಲಿ ಸುಮಾರು 120 ಮಿಲಿಲೀಟರ್ ರಕ್ತ ಇರುತ್ತದೆ. ಸ್ನಾಯು ಬಿಗಿಯಾಗತೊಡಗಿದ ಕೂಡಲೇ ಮೈಟ್ರಲ್ ಕವಾಟ ಮುಚ್ಚುತ್ತದೆ. ಬಲಭಾಗದಲ್ಲಿ ತ್ರಿದಳ ಕವಾಟವೂ ಮುಚ್ಚುತ್ತದೆ. ಸ್ಟೆತೊಸ್ಕೋಪಿನಲ್ಲಿ ಕೇಳುವ ಮೊದಲ ಸದ್ದು ಇದು. ಆದರೆ ರಕ್ತ ಆಗಲೂ ಹೊರಗೆ ಹೋಗುವುದಿಲ್ಲ, ಏಕೆಂದರೆ ಆಚೆ, ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿಯಲ್ಲಿ ಸುಮಾರು 80 ಮಿಲಿಮೀಟರ್ ಪಾದರಸದಷ್ಟು ಒತ್ತಡವಿರುತ್ತದೆ. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತು ನಾಲ್ಕು ಕವಾಟಗಳೂ ಮುಚ್ಚಿರುತ್ತವೆ, ಒಂದು ಹನಿಯೂ ಕದಲುವುದಿಲ್ಲ, ಒಳಗೆ ಒತ್ತಡ ಮಾತ್ರ ಏರುತ್ತದೆ. ಅದು 80ನ್ನು ದಾಟಿದಾಗ ಮಹಾಪಧಮನಿಯ ಕವಾಟ ತೆರೆದು, ಒತ್ತಡ 120ರ ಹತ್ತಿರ ಏರಿ, ಸುಮಾರು 70 ಮಿಲಿಲೀಟರ್ ರಕ್ತ ಹೊರಬೀಳುತ್ತದೆ. ರಕ್ತದೊತ್ತಡದ ಚೀಟಿಯಲ್ಲಿ ನಾವೆಲ್ಲ ಓದುವ 120/80 ಎಂಬ ಎರಡು ಸಂಖ್ಯೆಗಳು ಬರುವುದು ಇಲ್ಲಿಂದ. ಹೃದಯದ ಸ್ನಾಯು ಎಲ್ಲ ಕಡೆಯಿಂದ ಸಮನಾಗಿ ಒಳಗೆ ಒತ್ತುತ್ತದೆ ಎಂದು ತಿಳಿಯಬಾರದು. ಅದರ ಎಳೆಗಳು ಓರೆಯಾಗಿ ಸುತ್ತಿಕೊಂಡಿರುವುದರಿಂದ ಕೋಣೆಯ ತುದಿ ಒಂದು ದಿಕ್ಕಿಗೂ ಬುಡ ಇನ್ನೊಂದು ದಿಕ್ಕಿಗೂ ತಿರುಚಿಕೊಂಡು, ಬುಡ ತುದಿಯತ್ತ ಇಳಿಯುತ್ತದೆ.

ತುಂಬಿದ್ದು 120, ಹೋದದ್ದು 70, ಉಳಿದದ್ದು 50. 70ನ್ನು 120ರಿಂದ ಭಾಗಿಸಿದರೆ ಬರುವುದು ಶೇ 58. ಎಕೋ ವರದಿಯಲ್ಲಿ ‘ಇಎಫ್’ ಎಂದು ಬರೆಯುವ, ಜನ ಪಂಪಿಂಗ್ ಎನ್ನುವ ಸಂಖ್ಯೆ ಇದೇ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 55ರಿಂದ 70ರ ನಡುವೆ ಇರುತ್ತದೆ. ನೂರು ಬಂದ ಹೃದಯ ಎಲ್ಲಿಯೂ ಇಲ್ಲ. 40 ಅಥವಾ ಅದಕ್ಕಿಂತ ಕಡಿಮೆ ಬಂದಾಗ ಹಿಂಡುವ ಶಕ್ತಿ ಕುಂದಿದೆ ಎಂದು ವೈದ್ಯರು ಪರಿಗಣಿಸುತ್ತಾರೆ. ಉಳಿಯುವ 50 ಮಿಲಿಲೀಟರ್ ವ್ಯರ್ಥವಾದದ್ದೂ ಅಲ್ಲ. ಹೊಲದಲ್ಲಿ ತೊಗರಿ ಕಟಾವಿಗೆ ಬಗ್ಗಿದಾಗ, ಮಗುವನ್ನು ಎತ್ತಿಕೊಂಡು ಓಡಿದಾಗ, ಹೃದಯ ಇನ್ನಷ್ಟು ಬಿಗಿಯಾಗಿ ಹಿಂಡಿ ಆ ಉಳಿಕೆಯಿಂದಲೂ ರಕ್ತ ಕೊಡುತ್ತದೆ. ಇನ್ನೊಂದು ಮಾತು, ನಮ್ಮ ಕಸುಬಿನ ಒಳಗಿನದು: ಒಂದೇ ಹೃದಯವನ್ನು ಇಬ್ಬರು ಅಳೆದರೆ ನಾಲ್ಕೈದು ಅಂಶ ಅತ್ತಿತ್ತ ಆಗುವುದು ಸಹಜ. ಹೋದ ವರ್ಷ 62 ಇತ್ತು, ಈಗ 59 ಆಗಿದೆ ಎಂದು ನಿದ್ದೆಗೆಡುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಬಲಭಾಗದ ಹೃತ್ಕುಕ್ಷಿಯೂ ಅದೇ ಹೊತ್ತಿಗೆ ಅಷ್ಟೇ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ದಾರಿ ಹತ್ತಿರದ್ದು, ತಡೆ ಕಡಿಮೆ. ಆದ್ದರಿಂದ ಅಲ್ಲಿಯ ಗರಿಷ್ಠ ಒತ್ತಡ 25 ಮಿಲಿಮೀಟರ್‌ನಷ್ಟು ಮಾತ್ರ, ಗೋಡೆಯೂ ತೆಳು. ಆದರೆ ಪ್ರಮಾಣ ಸಮನಾಗಿರಲೇಬೇಕು. ಎಡಭಾಗವು ಬಲಭಾಗಕ್ಕಿಂತ ಬಡಿತಕ್ಕೆ ಒಂದೇ ಒಂದು ಮಿಲಿಲೀಟರ್ ಕಡಿಮೆ ಕಳಿಸಿತು ಎನ್ನೋಣ. ನಿಮಿಷಕ್ಕೆ 75 ಮಿಲಿಲೀಟರ್, ಗಂಟೆಗೆ ನಾಲ್ಕೂವರೆ ಲೀಟರ್ ರಕ್ತ ಶ್ವಾಸಕೋಶದಲ್ಲಿ ನಿಲ್ಲಬೇಕಾಗುತ್ತದೆ. ಮೈಯಲ್ಲಿರುವ ಒಟ್ಟು ರಕ್ತವೇ ಐದು ಲೀಟರಿನ ಆಸುಪಾಸು! ಹಾಗಾಗದಂತೆ ನೋಡಿಕೊಳ್ಳುವುದು ಮಿದುಳಲ್ಲ, ಹೃದಯದ ಸ್ನಾಯುವೇ. ಹೆಚ್ಚು ತುಂಬಿದರೆ ಅದು ಹೆಚ್ಚು ಹಿಗ್ಗುತ್ತದೆ, ಹೆಚ್ಚು ಹಿಗ್ಗಿದರೆ ಮುಂದಿನ ಬಡಿತದಲ್ಲಿ ಹೆಚ್ಚು ಬಲವಾಗಿ ಹಿಂಡುತ್ತದೆ. ಜರ್ಮನಿಯ ಒಟ್ಟೊ ಫ್ರಾಂಕ್ ಮತ್ತು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುವ ನಿಯಮ ಇದು. ಹಿಂಡುವುದರ ಬಲವನ್ನು ನಿರ್ಧರಿಸುವುದು ಕೂಡ ತುಂಬುವುದೇ ಎಂಬುದು ಅದರ ತಾತ್ಪರ್ಯ.

ಇತಿಹಾಸದಲ್ಲಿಯೂ ಈ ವಿಷಯಕ್ಕೆ ಒಂದು ತಿರುವಿದೆ. ಪ್ರಾಚೀನ ವೈದ್ಯರು ಹೃದಯ ಹಿಗ್ಗುವುದನ್ನೇ ಅದರ ಮುಖ್ಯ ಕೆಲಸವೆಂದು ನಂಬಿದ್ದರು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಅದನ್ನು ಅಲ್ಲಗಳೆದು, ಸಂಕೋಚನವೇ ಹೃದಯದ ಕ್ರಿಯೆ ಎಂದೂ, ಅರ್ಧ ಗಂಟೆಯಲ್ಲಿ ಹೃದಯ ಹೊರಹಾಕುವ ರಕ್ತದ ಲೆಕ್ಕ ಹಾಕಿದರೆ ಅದು ಮೈಯಲ್ಲಿ ಸುತ್ತುತ್ತಲೇ ಇರಬೇಕೆಂದೂ ತೋರಿಸಿಕೊಟ್ಟ. ಹಾರ್ವೆ ಹೇಳಿದ್ದು ಸರಿ. ಆದರೆ ಸಡಿಲಗೊಳ್ಳುವುದು ಸುಮ್ಮನೆ ಬಿಡುವು ಪಡೆಯುವುದಲ್ಲ ಎಂಬುದು ಆಮೇಲೆ ತಿಳಿದುಬಂದ ಸಂಗತಿ. ಸ್ನಾಯುವಿನ ಎಳೆಗಳು ಬಿಗಿತ ಬಿಡಬೇಕಾದರೆ ಜೀವಕೋಶದೊಳಗೆ ಸೇರಿದ ಕ್ಯಾಲ್ಸಿಯಂ ಅನ್ನು ಮತ್ತೆ ಅದರ ಜಾಗಕ್ಕೆ ಸಾಗಿಸಬೇಕು; ಅದಕ್ಕೆ ಶಕ್ತಿ ಖರ್ಚಾಗುತ್ತದೆ. ತಿರುಚಿಕೊಂಡ ಕೋಣೆ ಬಿಚ್ಚಿಕೊಳ್ಳುವಾಗ ಮೇಲಿನಿಂದ ರಕ್ತವನ್ನು ತನ್ನತ್ತ ಎಳೆದುಕೊಳ್ಳುತ್ತದೆ ಕೂಡ. ಅಷ್ಟೇ ಅಲ್ಲ, ಹೃದಯ ತನಗಾಗಿ ರಕ್ತ ಪಡೆಯುವುದೂ ಬಹುಪಾಲು ಈ ಹೊತ್ತಿನಲ್ಲಿಯೇ. ಎಡ ಹೃತ್ಕುಕ್ಷಿ ಹಿಂಡುತ್ತಿರುವಾಗ ಅದರ ಗೋಡೆಯೊಳಗಿನ ರಕ್ತನಾಳಗಳು ಅದುಮಿಕೊಂಡಿರುತ್ತವೆ. ಹಿಂಡುವಿಕೆ ಮುಗಿದು, ಮಹಾಪಧಮನಿಯ ಕವಾಟ ಎರಡನೆಯ ಸದ್ದಿನೊಂದಿಗೆ ಮುಚ್ಚಿಕೊಂಡ ಮೇಲೆ, ಹಿಗ್ಗಿದ್ದ ಮಹಾಪಧಮನಿ ತನ್ನ ಸ್ಥಿತಿಸ್ಥಾಪಕತ್ವದಿಂದ ಮರಳಿ ಕುಗ್ಗುತ್ತ ರಕ್ತವನ್ನು ಮುಂದಕ್ಕೂ, ಪರಿಧಮನಿಗಳ ಮೂಲಕ ಹೃದಯದ ಸ್ನಾಯುವಿಗೂ ಹರಿಸುತ್ತದೆ.

ಬಡಿತ ಹೆಚ್ಚಾದಾಗ ಏನಾಗುತ್ತದೆ ಎಂಬುದು ಇಲ್ಲಿ ಮುಖ್ಯ. ನಿಮಿಷಕ್ಕೆ 150 ಬಡಿತವಾದರೆ ಒಂದೊಂದಕ್ಕೆ ಸಿಗುವುದು 0.4 ಸೆಕೆಂಡ್. ಹಿಂಡುವ ಕಾಲ ಸ್ವಲ್ಪ ಮಾತ್ರ ಕಡಿಮೆಯಾಗುತ್ತದೆ. ಕಡಿತದ ಹೆಚ್ಚಿನ ಪಾಲು ಬೀಳುವುದು ತುಂಬುವ ಕಾಲದ ಮೇಲೆ. ಕೋಣೆ ತುಂಬಲೂ, ಹೃದಯದ ಸ್ನಾಯು ತಾನು ರಕ್ತ ಪಡೆಯಲೂ ಇರುವ ಹೊತ್ತು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆರೋಗ್ಯವಂತ ಹೃದಯ ಇದನ್ನು ತಾಳಿಕೊಳ್ಳುತ್ತದೆ. ಪರಿಧಮನಿ ಕಿರಿದಾದವರಲ್ಲಿ ಓಡಿದಾಗ ಎದೆ ಹಿಡಿದುಕೊಳ್ಳುವುದಕ್ಕೂ, ಬಡಿತ ತಗ್ಗಿಸುವ ಮಾತ್ರೆಯನ್ನು ವೈದ್ಯರು ಅವರಿಗೆ ಬರೆಯುವುದಕ್ಕೂ ಇರುವ ಕಾರಣಗಳಲ್ಲಿ ಇದೂ ಒಂದು.

ಪಂಪಿಂಗ್ 60 ಇದ್ದೂ ಏದುಸಿರು ಬರುವ ರೋಗಿಗಳು ನಮ್ಮಲ್ಲಿ ಕಡಿಮೆಯಿಲ್ಲ. ವರ್ಷಗಟ್ಟಲೆ ಬಿಪಿಗೆ ಮಾತ್ರೆ ತೆಗೆದುಕೊಳ್ಳದವರಲ್ಲಿ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ, ಗಡುಸಾಗಿ, ಸಲೀಸಾಗಿ ಸಡಿಲಗೊಳ್ಳುವುದಿಲ್ಲ. ಹಿಂಡುವುದು ಚೆನ್ನಾಗಿಯೇ ಇರುತ್ತದೆ, ತುಂಬುವುದು ಸೋತಿರುತ್ತದೆ. ಒತ್ತಡ ಹಿಂದಕ್ಕೆ ಶ್ವಾಸಕೋಶದ ಕಡೆ ಏರಿ, ರಾತ್ರಿ ಅಂಗಾತ ಮಲಗಿದರೆ ದಮ್ಮು ಕಟ್ಟುತ್ತದೆ. ಅಂಥವರಿಗೆ ‘ಪಂಪಿಂಗ್ ಸರಿ ಇದೆ, ಏನೂ ಇಲ್ಲ’ ಎಂದು ಮನೆಯವರು ಹೇಳಿ ಕೂರಿಸುವುದು ಅಪಾಯ. ಇದಕ್ಕೆ ವಿರುದ್ಧವಾದ ಭಯವೂ ಇದೆ. ಅರವತ್ತು ದಾಟಿದವರ ವರದಿಯಲ್ಲಿ ‘ಗ್ರೇಡ್ ಒನ್ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’, ಅಂದರೆ ಸಡಿಲಗೊಳ್ಳುವುದರಲ್ಲಿ ಮೊದಲ ಹಂತದ ಕೊರತೆ, ಎಂಬ ಸಾಲು ಮತ್ತೆ ಮತ್ತೆ ಕಾಣುತ್ತದೆ. ಮೊಮ್ಮಕ್ಕಳು ಅದನ್ನು ಮೊಬೈಲ್‌ನಲ್ಲಿ ಹುಡುಕಿ ಮನೆಯಲ್ಲಿ ಗಾಬರಿ ಎಬ್ಬಿಸುತ್ತಾರೆ. ವಯಸ್ಸಾದಂತೆ ಸಡಿಲಗೊಳ್ಳುವುದು ನಿಧಾನವಾಗುವುದರಿಂದ ಆ ಸಾಲು ಬಹಳ ಜನರಿಗೆ ಬರುತ್ತದೆ. ತೊಂದರೆಯ ಲಕ್ಷಣಗಳಿಲ್ಲದಿದ್ದರೆ ಅದೊಂದರಿಂದಲೇ ಹೆದರಬೇಕಿಲ್ಲ. ಬಿಪಿ, ಸಕ್ಕರೆ ಹಿಡಿತದಲ್ಲಿವೆಯೇ ಎಂದು ನೋಡಿಕೊಂಡು ವೈದ್ಯರ ಹತ್ತಿರ ಒಮ್ಮೆ ಕೇಳಿದರಾಯಿತು.

ತುಂಬುವ ದಾರಿಯೇ ಕಟ್ಟಿಹೋಗುವ ಕಾಯಿಲೆ ಇನ್ನೂ ಕಠಿಣವಾದುದು. ಚಿಕ್ಕಂದಿನಲ್ಲಿ ಗಂಟಲು ನೋವಿನ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕೆಲವರಲ್ಲಿ ಮೈಟ್ರಲ್ ಕವಾಟದ ದಳಗಳನ್ನು ಅಂಟಿಸಿ ದಪ್ಪಗೊಳಿಸುತ್ತದೆ. 4ರಿಂದ 6 ಚದರ ಸೆಂಟಿಮೀಟರ್ ಅಗಲ ತೆರೆಯಬೇಕಾದ ಕವಾಟ ಒಂದೂವರೆಗಿಂತ ಕಿರಿದಾದರೆ ಅದನ್ನು ತೀವ್ರ ಎಂದು ಎಣಿಸುತ್ತಾರೆ. ಪರದೆಯ ಮೇಲೆ ದಳಗಳು ಬಿಡಿಬಿಡಿಯಾಗಿ ಆಡದೆ, ತುದಿಗಳು ಅಂಟಿಕೊಂಡು ನಡು ಮಾತ್ರ ಉಬ್ಬುವುದನ್ನು ಕಂಡರೆ ಅಳತೆ ತೆಗೆಯುವ ಮೊದಲೇ ವಿಷಯ ಗೊತ್ತಾಗುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಗರ್ಭಿಣಿಯಾದಾಗ ಮೈಯಲ್ಲಿ ರಕ್ತದ ಪ್ರಮಾಣವೂ ಬಡಿತದ ವೇಗವೂ ಏರುತ್ತವೆ. ಕಿರಿದಾದ ದಾರಿಯಲ್ಲಿ ಹೆಚ್ಚು ರಕ್ತ, ಕಡಿಮೆ ಹೊತ್ತಿನಲ್ಲಿ ಇಳಿಯಬೇಕಾಗುತ್ತದೆ. ಆಗಲೇ ಮೊದಲ ಸಲ ಉಸಿರು ಹಿಡಿದು, ಕೆಮ್ಮಿನಲ್ಲಿ ರಕ್ತ ಕಂಡು ಬರುವವರಿದ್ದಾರೆ. ಅವರ ಪಂಪಿಂಗ್ ಕೂಡ ಎಷ್ಟೋ ಸಲ 60 ಇರುತ್ತದೆ! ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು–ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ವರ್ಷಾನುಗಟ್ಟಲೆ ತಪ್ಪದೆ ಬೀಳಬೇಕು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಲ್ಲಿ ಅದು ತಪ್ಪುವುದೇ ಹೆಚ್ಚು. ತಮ್ಮ ಆರೋಗ್ಯ ಪುಟದಲ್ಲಿ ಈ ಕಾಯಿಲೆಯ ಹೆಸರನ್ನೇ ನಾನು ಕಂಡಿಲ್ಲ. ಸ್ಟೆಂಟ್ ಬಗ್ಗೆ ಮಾತ್ರ ಸಾಕಷ್ಟು ಓದಿದ್ದೇನೆ.

ಇನ್ನು ಬಿಸಿಲಿನ ವಿಷಯ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಆರಂಭವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಪರ್ಸಿ ಕಲ್ಲಿನ ಗಣಿಯ ಕೂಲಿಯವರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ ಆ ವೇಳಾಪಟ್ಟಿ ಇಲ್ಲ. ಬಿಸಿಲಿನಲ್ಲಿ ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ. ತೀವ್ರ ಶಾಖದಲ್ಲಿ ಈ ಹರಿವು ನಿಮಿಷಕ್ಕೆ 6ರಿಂದ 8 ಲೀಟರ್‌ವರೆಗೂ ಹೋಗಬಲ್ಲದು. ವಿಶ್ರಾಂತಿಯಲ್ಲಿ ಹೃದಯ ಇಡೀ ಮೈಗೆ ಕಳಿಸುವುದೇ ನಿಮಿಷಕ್ಕೆ ಸುಮಾರು 5 ಲೀಟರ್ ಎಂಬುದನ್ನು ನೆನೆದರೆ ಹೊರೆ ಎಷ್ಟು ಎಂಬುದು ತಿಳಿಯುತ್ತದೆ. ಇತ್ತ ಬೆವರಿನಿಂದ ರಕ್ತದ ನೀರಿನಂಶ ಕುಗ್ಗಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಕಡಿಮೆ ತುಂಬಿದ ಹೃದಯ ಬಡಿತಕ್ಕೆ ಕಡಿಮೆ ಕಳಿಸುತ್ತದೆ, ಕೊರತೆ ನೀಗಿಸಲು ವೇಗ ಹೆಚ್ಚಿಸುತ್ತದೆ, ವೇಗ ಹೆಚ್ಚಾದಂತೆ ತುಂಬುವ ಹೊತ್ತು ಇನ್ನಷ್ಟು ಕಡಿಮೆಯಾಗುತ್ತದೆ. ಅಲ್ಲಾಡದೆ ಸರತಿ ಸಾಲಿನಲ್ಲಿ ನಿಂತವರು ತಲೆಸುತ್ತಿ ಬೀಳುವುದು ಹೀಗೆಯೇ. ಕಾಲಿನ ಮೀನಖಂಡದ ಸ್ನಾಯುಗಳು ಆಡುವಾಗ ಅಭಿಧಮನಿಗಳ ರಕ್ತವನ್ನು ಮೇಲಕ್ಕೆ ಒತ್ತಿ ಹೃದಯಕ್ಕೆ ಮರಳಿಸುತ್ತವೆ. ನಿಂತಲ್ಲೇ ನಿಂತರೆ ಆ ನೆರವೂ ಇಲ್ಲ. ಬಿದ್ದವರನ್ನು ಹಿಡಿದೆಬ್ಬಿಸಿ ಕೂರಿಸುವುದು ನಮ್ಮಲ್ಲಿ ರೂಢಿ. ನೆರಳಿಗೆ ಒಯ್ದು, ಮಲಗಿಸಿ, ಕಾಲು ಎತ್ತರಿಸುವುದು ಸರಿ, ಏಕೆಂದರೆ ಹೃದಯಕ್ಕೆ ಆಗ ಬೇಕಾದದ್ದು ಮರಳಿ ಬರುವ ರಕ್ತ.

ಲೇಖನದಲ್ಲಿ ‘ಹೃದ್ರೋಗಿಗಳೆಲ್ಲರೂ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಲಿ’ ಎಂಬ ಸಲಹೆಯಿತ್ತು. ಬಿಸಿಲಲ್ಲಿ ದುಡಿಯುವ ಆರೋಗ್ಯವಂತರಿಗೆ ನೀರು, ಮಜ್ಜಿಗೆ ಬೇಕೇ ಬೇಕು. ಆದರೆ ಹೃದಯ ವೈಫಲ್ಯದಿಂದ ಕಾಲು ಊದಿಕೊಂಡು, ನೀರು ಇಳಿಸುವ ಮಾತ್ರೆಯ ಮೇಲಿರುವವರಲ್ಲಿ ಕೆಲವರಿಗೆ ವೈದ್ಯರು ನೀರು, ಉಪ್ಪು ಎರಡನ್ನೂ ಅಳೆದು ಕೊಟ್ಟಿರುತ್ತಾರೆ. ಅಂಥವರು ಪತ್ರಿಕೆ ನೋಡಿ ನಾಲ್ಕು ಲೀಟರ್ ಕುಡಿದರೆ ಉಸಿರು ಕಟ್ಟಿ ಆಸ್ಪತ್ರೆ ಸೇರಬೇಕಾದೀತು. ಅದೇ ಮಾತ್ರೆಯನ್ನು ಕಡು ಬೇಸಿಗೆಯಲ್ಲೂ ಅಷ್ಟೇ ಪ್ರಮಾಣದಲ್ಲಿ ನುಂಗಿ ಬೆವರಿದರೆ ಬಿಪಿ ಇಳಿದು ಬೀಳಬಹುದು. ಬೇಸಿಗೆ ಏರುವ ಮೊದಲು ಅವರು ತಮ್ಮ ವೈದ್ಯರನ್ನು ಕಂಡು ನೀರಿನ ಅಳತೆ, ಮಾತ್ರೆಯ ಅಳತೆ ಎರಡನ್ನೂ ಕೇಳಿಕೊಳ್ಳಬೇಕು ಎಂಬ ಒಂದು ಸಾಲು ಆ ಸಲಹೆಯ ಜಾಗದಲ್ಲಿ ಇರಬೇಕಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಚಿತ್ರದ ಅಡಿಯ ಎರಡು ವಾಕ್ಯಗಳಿಗೂ ನೀರಿನ ಸಲಹೆಗೂ ತಿದ್ದುಪಡಿಯನ್ನು ಅದೇ ಪುಟದಲ್ಲಿ, ಓದುಗರ ಕಣ್ಣಿಗೆ ಬೀಳುವ ಅಕ್ಷರದಲ್ಲಿ ಪ್ರಕಟಿಸಿ. ಮುಂದಿನ ಸಲ ಹೃದಯದ ಚಿತ್ರ ಹಾಕುವಾಗ ಒಂದರ ಬದಲು ಎರಡು ಹಾಕಿ: ಒಂದರಲ್ಲಿ ಮೈಟ್ರಲ್ ಮತ್ತು ತ್ರಿದಳ ಕವಾಟಗಳು ತೆರೆದು ಕೆಳಗಿನ ಕೋಣೆಗಳು ತುಂಬುತ್ತಿರಲಿ, ಇನ್ನೊಂದರಲ್ಲಿ ಅವು ಮುಚ್ಚಿ, ಹೊರಹೋಗುವ ಕವಾಟಗಳು ತೆರೆದಿರಲಿ. ತಾವು ಅಚ್ಚು ಹಾಕಿದ ಚಿತ್ರದಲ್ಲಿ ನಾಲ್ಕು ಕವಾಟಗಳೂ ಒಟ್ಟಿಗೆ ತೆರೆದಿದ್ದವು. ಆರೋಗ್ಯವಂತ ಹೃದಯದಲ್ಲಿ ಅಂಥ ಗಳಿಗೆ ಬರುವುದಿಲ್ಲ. ಅಚ್ಚಿಗೆ ಹೋಗುವ ಮುನ್ನ ಚಿತ್ರವನ್ನು ಯಾವುದಾದರೂ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದವರಿಗೆ ತೋರಿಸಿದರೆ ಹತ್ತು ನಿಮಿಷದ ಕೆಲಸ. ರುಮ್ಯಾಟಿಕ್ ಜ್ವರದ ಬಗ್ಗೆ ಒಂದು ಪ್ರತ್ಯೇಕ ಲೇಖನ ಬರೆಸುವುದಾದರೆ ಶಾಲೆಗಳು ಮತ್ತೆ ತೆರೆಯುವ ಜೂನ್ ತಿಂಗಳಲ್ಲಿ ಬರೆಸಿ. ಸೂಜಿ ಬಿಟ್ಟ ಮಕ್ಕಳನ್ನು ಗುರುತಿಸಲು ಶಿಕ್ಷಕರಿಗೂ ಆಶಾ ಕಾರ್ಯಕರ್ತೆಯರಿಗೂ ಆಗ ಅದು ಉಪಯೋಗಕ್ಕೆ ಬರುತ್ತದೆ.

ಇತಿ ತಮ್ಮ ವಿಶ್ವಾಸಿ,
ಎಕೋ ತಂತ್ರಜ್ಞೆ, ಕಲಬುರಗಿ